ಶಾಫ್ಟಿಗೆ ನಡುಕ, ಟೈರಿಗೆ ದುಡ್ಡು

ಐನೂರು ರೂಪಾಯಿ ಎಂದಾಗ ಮಾವನ ಮುಖ ಸಣ್ಣಗಾಯಿತು.

"ಏನೂ ಹಾಕ್ಲೇ ಇಲ್ವಲ್ಲ ಭಾಯ್, ಐನೂರಾ?" ಎಂದರು.

"ಹಾಕಿದ್ದಕ್ಕಲ್ಲ ಗೌಡ್ರೇ, ನೋಡಿದ್ದಕ್ಕೆ" ಎಂದು ಆ ಹಿರಿಯ ಮೆಕ್ಯಾನಿಕ್ ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

ಮಾವ ಎಂದರೆ ನಮ್ಮ ಗುಂಪಿನಲ್ಲಿ ಒಬ್ಬನಿಗೆ ಸೋದರಮಾವ. ಉಳಿದ ನಮಗೂ ಮಾವನೇ. ಹೊಸನಗರ ತಾಲೂಕಿನಲ್ಲಿ, ನಿಟ್ಟೂರಿನಿಂದ ಇನ್ನೂ ಒಳಗೆ ಅವರ ಊರು. ಮಳೆಗಾಲದ ಸುದ್ದಿಗೆ, ಕಾಲುಸಂಕದ ಸುದ್ದಿಗೆ ಎಂದು ನಾವು ಆ ಕಡೆ ಹೋದಾಗಲೆಲ್ಲ ಅವರ ಜೀಪೇ ಗತಿ. ಉದ್ದ ಬಾಡಿಯ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಅದು. ಅಡಿಕೆ ಮೂಟೆ, ಹಿಂಡಿ ಚೀಲ, ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗಬೇಕಾದ ಬಾಣಂತಿ ಎಲ್ಲರೂ ಅದರಲ್ಲೇ. ಬಸ್ಸು ಬರುವ ರಸ್ತೆಗೆ ಹೋಗಲು ಮೂರು ಕಿಲೋಮೀಟರ್ ಕೆಮ್ಮಣ್ಣಿನ ಏರು ಇರುವ ಊರಿನಲ್ಲಿ ಇಂಥ ಒಂದು ಗಾಡಿ ನಿಂತರೆ ಒಂದು ಮನೆಯ ಗಾಡಿ ನಿಂತಂತಲ್ಲ, ಊರೇ ನಿಂತಂತೆ.

ಆ ಜೀಪು ಆರು ತಿಂಗಳಿಂದ ನಡುಗುತ್ತಿತ್ತು. ಐನೂರು ರೂಪಾಯಿಗೆ ಮುಖ ಸಣ್ಣ ಮಾಡಿದ ಇದೇ ಮಾವ, ಅದೇ ನಡುಕಕ್ಕೆ ಅದಾಗಲೇ 36,000 ರೂಪಾಯಿ ಸುರಿದಿದ್ದರು. ನಾಲ್ಕು ಟೈರಿಗೆ 22,000. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್‌ಗೆ 1,200. ಗೇರ್‌ಬಾಕ್ಸ್ ಮೌಂಟಿಂಗ್‌ಗೆ 2,300. ಕ್ಲಚ್ ಸೆಟ್ಟು, ಕೂಲಿ ಸೇರಿ 10,500. ಟೈರಿನ ದುಡ್ಡು ಅತ್ತೆಯ ಸ್ವಸಹಾಯ ಸಂಘದ ಸಾಲ. ಅದರ ಕಂತು ಇನ್ನೂ ಪ್ರತಿ ವಾರ ಹೋಗುತ್ತಿದೆ. ಈ 36,000 ಕೊಡುವಾಗ ಮಾವ ಒಮ್ಮೆಯೂ "ಯಾಕೆ" ಎಂದು ಕೇಳಿರಲಿಲ್ಲ. ಏಕೆಂದರೆ ಪ್ರತಿ ಸಲವೂ ಕೈಗೆ ಏನೋ ಒಂದು ವಸ್ತು ಬಂದಿತ್ತು. ಕಪ್ಪಗೆ ಹೊಳೆಯುವ ಟೈರು ಬಂದಿತ್ತು, ಪೆಟ್ಟಿಗೆಯಲ್ಲಿ ಕ್ಲಚ್ ಪ್ಲೇಟು ಬಂದಿತ್ತು. ಕೊನೆಯ ಐನೂರಕ್ಕೆ ಮಾತ್ರ ಏನೂ ಬರಲಿಲ್ಲ. ನಡುಕ ಹೋಯಿತು, ಅಷ್ಟೇ.

ನಾವು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಹಳ್ಳಿಗಳಲ್ಲಿ ಬಿಡಿಭಾಗಕ್ಕೆ ಬೆಲೆಯಿದೆ, ರೋಗ ಪತ್ತೆಗೆ ಬೆಲೆಯಿಲ್ಲ. ಎಲ್ಲಿಯವರೆಗೆ ಪತ್ತೆಗೆ ದುಡ್ಡು ಕೊಡುವುದಿಲ್ಲವೋ ಅಲ್ಲಿಯವರೆಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುತ್ತಲೇ ಇರುತ್ತದೆ, ಆ ಬರೆಯ ಖರ್ಚೂ ನಮ್ಮದೇ ಆಗಿರುತ್ತದೆ.

ಆಗಿದ್ದೇನು ಎಂದು ಮೊದಲಿನಿಂದ ಹೇಳುತ್ತೇವೆ.

ದೀಪಾವಳಿ ಕಳೆದ ವಾರ ಜೀಪಿನ ಅಡಿಯಲ್ಲಿ ಕಿಚ್ ಕಿಚ್ ಎಂದು ಹಕ್ಕಿ ಕೂಗಿದಂತೆ ಸದ್ದು ಬರತೊಡಗಿತು. ಪೇಟೆಯ ಗ್ಯಾರೇಜಿನಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಕ್ರಾಸ್ ಬದಲಾಯಿಸಿದರು. ಆ ಕೆಲಸ ಬೇಕೇ ಇತ್ತು, ಸದ್ದು ನಿಂತಿತು. ಆದರೆ ರಿಪ್ಪನ್‌ಪೇಟೆ ದಾಟಿ ಶಿವಮೊಗ್ಗದ ಕಡೆ ರಸ್ತೆ ಸರಾಗವಾದಾಗ, ವೇಗ 45 ದಾಟುತ್ತಲೇ ಹೊಸದೊಂದು ನಡುಕ ಶುರುವಾಯಿತು. 60ಕ್ಕೆ ಹೋದರೆ ಸೀಟಿನ ಅಡಿಯಲ್ಲಿ ಜೇನುಗೂಡು ಇಟ್ಟಂತೆ ಜುಂಯ್ ಎನ್ನುತ್ತಿತ್ತು. ಒಳಗಿನ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು.

ವೇಗಕ್ಕೆ ತಕ್ಕಂತೆ ನಡುಗಿದರೆ ಟೈರು ಎಂದು ಒಬ್ಬರು ಹೇಳಿದರು, ಟೈರು ಬಂತು. ಹೋಗಲಿಲ್ಲ. ಬ್ಯಾಲೆನ್ಸಿಂಗ್ ಎಂದರು, ಹೋಗಲಿಲ್ಲ. ಮೌಂಟಿಂಗ್ ರಬ್ಬರು ಸತ್ತಿದೆ ಎಂದರು, ಹೋಗಲಿಲ್ಲ. ಕ್ಲಚ್ ಎಂದರು. ಅದೂ ಆಯಿತು. ಹಳೆಯ ಟೈರು ಇನ್ನೊಂದು ವರ್ಷ ಓಡುತ್ತಿತ್ತೇನೋ, ಕ್ಲಚ್ಚೂ ಮುಂದೆಂದಾದರೂ ಬೇಕಾಗುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ನಡುಕಕ್ಕೂ ಅವಕ್ಕೂ ಸಂಬಂಧವಿರಲಿಲ್ಲ.

ಈ ಆರು ತಿಂಗಳಲ್ಲಿ ಸರಿಯಾದ ಸುಳಿವು ಕೊಟ್ಟವರು ಒಬ್ಬರೇ. ಅವರು ಅತ್ತೆ. ಜೀಪಿನ ಹಿಂದಿನ ಸೀಟಿನಲ್ಲಿ ಕೂರುವವರು ಅವರು. "ಜನ ತುಂಬಿದಾಗ ಅಷ್ಟಿಲ್ಲ, ಖಾಲಿ ಬರುವಾಗ ಜಾಸ್ತಿ ನಡುಗ್ತದೆ" ಎಂದು ಜನವರಿಯಲ್ಲೇ ಹೇಳಿದ್ದರಂತೆ. ಗ್ಯಾರೇಜಿನಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿ ಓಡಿಸುವವರ ಮಾತನ್ನಾದರೂ ಕೇಳುತ್ತಾರೆ, ಹಿಂದೆ ಕೂತ ಹೆಂಗಸಿನ ಮಾತನ್ನು ಯಾರು ಕೇಳುತ್ತಾರೆ? ನಿಜ ಹೇಳಬೇಕೆಂದರೆ ನಾವೂ ಕೇಳಿರಲಿಲ್ಲ. ಯಾರ ಮಾತನ್ನೂ ಬಿಡಬೇಡಿ ಎಂದು ಮೂರು ವರ್ಷ ತರಗತಿಯಲ್ಲಿ ಪಾಠ ಕೇಳಿ ಬಂದವರು ನಾವು.

ಮೇ ತಿಂಗಳಲ್ಲಿ ಸಾಗರದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಜೀಪು ಹೋಯಿತು. ಅವರು ಬಾನೆಟ್ಟನ್ನೇ ಎತ್ತಲಿಲ್ಲ. ಮೊದಲು ಪ್ರಶ್ನೆ ಕೇಳಿದರು. ಯಾವಾಗಿನಿಂದ? ಅದಕ್ಕೂ ಮೊದಲು ಏನು ಬಿಚ್ಚಿದ್ದಿರಿ? ಎಷ್ಟು ವೇಗಕ್ಕೆ ಶುರು? ಗೇರು ಬದಲಾದರೆ ಬದಲಾಗುತ್ತದಾ? ಆಕ್ಸಿಲರೇಟರ್ ಬಿಟ್ಟರೆ? ಲೋಡಿದ್ದಾಗ ಹೇಗೆ, ಖಾಲಿಯಿದ್ದಾಗ ಹೇಗೆ? ಆ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದುದು ಅತ್ತೆಗೆ ಮಾತ್ರ. ಅವರು ಆ ದಿನ ತವರಿಗೆಂದು ಜೊತೆಗೆ ಬಂದಿದ್ದರು. ಅವರು ಹೇಳಿದ್ದನ್ನು ಕೇಳಿದ ಮೇಲೆ ಮೆಕ್ಯಾನಿಕ್ ತಾವೇ ಹಿಂದಿನ ಸೀಟಿನಲ್ಲಿ ಕೂತು ನಾಲ್ಕು ಕಿಲೋಮೀಟರ್ ಹೋಗಿ ಬಂದರು.

ಅವರು ಕೇಳಿದ ಒಂದೊಂದು ಪ್ರಶ್ನೆಯೂ ಒಂದೊಂದು ಬಾಗಿಲು ಮುಚ್ಚುತ್ತಾ ಹೋಗುವಂಥದ್ದು. ಅದು ಹೇಗೆ ಎಂದು ತಿಳಿಯಲು ಈ ಗಾಡಿಯ ಓಟ ಗೊತ್ತಿರಬೇಕು. ಎಂಜಿನ್ನಿನ ತಿರುಗು ಕ್ಲಚ್ ಮೂಲಕ ಗೇರ್‌ಬಾಕ್ಸಿಗೆ ಬರುತ್ತದೆ. ಫೋರ್ ವೀಲ್ ಗಾಡಿಯಲ್ಲಿ ಅದರ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್. ಆಮೇಲೆ ಡಿಫರೆನ್ಶಿಯಲ್, ಆಕ್ಸಲ್, ಚಕ್ರ. ಸಾಮಾನ್ಯ ಕಾರಿಗಿಂತ ಇಲ್ಲಿ ತಿರುಗುವ ತುಂಡುಗಳು ಹೆಚ್ಚು. ಹಾಗಾಗಿ ನಡುಕದ ಕಾರಣಗಳೂ ಹೆಚ್ಚು, ತಪ್ಪು ಊಹೆಯ ಖರ್ಚೂ ಹೆಚ್ಚು.

ಈ ತುಂಡುಗಳು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪತ್ತೆಯ ಗುಟ್ಟು ಇಲ್ಲಿದೆ. ಸುಮಾರು 70 ಸೆಂಟಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,000 ಮೀಟರ್. ಅಂದರೆ ಚಕ್ರ ನಿಮಿಷಕ್ಕೆ ಸುಮಾರು 455 ಸುತ್ತು, ಸೆಕೆಂಡಿಗೆ ಏಳೆಂಟು ಸುತ್ತು. ಡಿಫರೆನ್ಶಿಯಲ್ ರೇಶಿಯೋ 4.5 ಇದ್ದರೆ ಅದೇ ಹೊತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ನಿಮಿಷಕ್ಕೆ ಸುಮಾರು 2,050 ಸುತ್ತು, ಸೆಕೆಂಡಿಗೆ 34 ಸುತ್ತು ತಿರುಗುತ್ತಿರುತ್ತದೆ. ಚಕ್ರದ ದೋಷವಾದರೆ ಮೈ ಕುಲುಕುತ್ತದೆ, ಸ್ಟೇರಿಂಗ್ ಅಲ್ಲಾಡುತ್ತದೆ, ಬೇಕಿದ್ದರೆ ಎಣಿಸಲೂಬಹುದು. ಶಾಫ್ಟಿನ ದೋಷ ಎಣಿಕೆಗೆ ಸಿಗುವುದಿಲ್ಲ. ಅದು ಜುಂಯ್ ಎನ್ನುತ್ತದೆ, ಸೀಟಿನಡಿ, ನೆಲದ ತಗಡಿನಲ್ಲಿ, ಕನ್ನಡಿಯಲ್ಲಿ ತೋರುತ್ತದೆ. ಮಾವನ ಜೀಪಿನಲ್ಲಿ ಸ್ಟೇರಿಂಗ್ ಅಲ್ಲಾಡುತ್ತಲೇ ಇರಲಿಲ್ಲ. ಈ ಒಂದು ವ್ಯತ್ಯಾಸ ಗಮನಿಸಿದ್ದರೆ 22,000 ಉಳಿಯುತ್ತಿತ್ತು.

ಇನ್ನು ಎಂಜಿನ್ನಾ, ಅಲ್ಲವಾ ಎಂದು ತಿಳಿಯುವುದು ಅದಕ್ಕಿಂತ ಸುಲಭ. ಒಂದು, ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಅಷ್ಟೇ ಏರಿಸಿ ನೋಡುವುದು. ನಿಂತಲ್ಲೇ ನಡುಗಿದರೆ ದೋಷ ಎಂಜಿನ್, ಅದರ ಮೌಂಟಿಂಗ್ ಅಥವಾ ಕ್ಲಚ್ ಕಡೆ. ಎರಡು, ಅದೇ 60ರಲ್ಲಿ ಒಮ್ಮೆ ಮೇಲಿನ ಗೇರು, ಒಮ್ಮೆ ಅದಕ್ಕಿಂತ ಕೆಳಗಿನ ಗೇರು. ಎಂಜಿನ್ನಿನ ವೇಗ ಬದಲಾದರೂ ನಡುಕ ಬದಲಾಗದಿದ್ದರೆ ದೋಷ ಗೇರ್‌ಬಾಕ್ಸಿನ ಆಚೆಗೆ. ಮೂರು, ಎದುರಿಗೆ ಯಾರೂ ಇಲ್ಲದ, ಸಮತಟ್ಟಾದ, ನೇರ ರಸ್ತೆಯಲ್ಲಿ ಆ ವೇಗದಲ್ಲಿ ನ್ಯೂಟ್ರಲ್ ಮಾಡಿ ಒಂದೆರಡು ಕ್ಷಣ ಬಿಡುವುದು. ನಡುಕ ಉಳಿದರೆ ಎಂಜಿನ್ನೂ ಅಲ್ಲ, ಕ್ಲಚ್ಚೂ ಅಲ್ಲ. ಇದನ್ನು ಹುಲಿಕಲ್ ಘಾಟಿಯಲ್ಲೋ ಕೊಲ್ಲೂರು ಘಾಟಿಯಲ್ಲೋ ಮಾಡಲು ಹೋಗಬೇಡಿ, ಇಳಿಜಾರಿನಲ್ಲಿ ನ್ಯೂಟ್ರಲ್ ಎಂದರೆ ಯಮನಿಗೆ ಕರೆಯೋಲೆ. ಈ ಮೂರು ಪರೀಕ್ಷೆಗೆ ಬೇಕಾದ್ದು ಹತ್ತು ನಿಮಿಷ, ಸ್ವಲ್ಪ ಡೀಸೆಲ್ಲು. ಮಾವನ ಗಾಡಿಯಲ್ಲಿ ಇವನ್ನು ಮಾಡದೆ ಕ್ಲಚ್ ಬಿಚ್ಚಿದ್ದರು.

ಫೋರ್ ವೀಲ್ ಗಾಡಿಗೆ ಇನ್ನೊಂದು ಪರೀಕ್ಷೆಯಿದೆ. ಮುಂದಿನ ಶಾಫ್ಟಾ, ಹಿಂದಿನದಾ ಎಂದು ತಿಳಿಯಲು ಒಂದನ್ನು ಬಿಚ್ಚಿಟ್ಟು ಇನ್ನೊಂದರಲ್ಲಿ ಓಡಿಸಿ ನೋಡಬಹುದು. ಮುಂದಿನದನ್ನು ತೆಗೆದು ಟೂ ವೀಲ್‌ನಲ್ಲಿ ಓಡಿಸಿದಾಗ ನಡುಕ ಹೋದರೆ ಕಳ್ಳ ಮುಂದಿದ್ದಾನೆ. ಆದರೆ ಇದು ಮನೆಯಂಗಳದ ಕೆಲಸವಲ್ಲ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ. ಹಿಂದಿನ ಶಾಫ್ಟ್ ಬಿಚ್ಚಿದರೆ ಹ್ಯಾಂಡ್‌ಬ್ರೇಕ್ ಎಳೆದೂ ಪ್ರಯೋಜನವಿಲ್ಲ, ಗಾಡಿ ಉರುಳುತ್ತದೆ. ಚಕ್ರಕ್ಕೆ ಕಲ್ಲು ಕೊಡದೆ ಯಾರೂ ಅಡಿಗೆ ಹೋಗಬಾರದು.

ನಡುಕವೆಂದು ನಾವು ದೂರುವ ಎಷ್ಟೋ ಸಂಗತಿ ರೋಗವೇ ಅಲ್ಲ ಎಂಬುದನ್ನೂ ಹೇಳಬೇಕು. ಮಳೆಗಾಲದಲ್ಲಿ ರಿಮ್ಮಿನ ಒಳಗೆ ಕೆಮ್ಮಣ್ಣು ಮೆತ್ತಿಕೊಂಡು ಒಣಗಿದರೆ ಸಾಕು, ಚಕ್ರ ಭಾರ ತಪ್ಪಿ ಕುಲುಕುತ್ತದೆ. ಒಂದು ಬಕೆಟ್ ನೀರೇ ಅದಕ್ಕೆ ಔಷಧಿ. ನಡುವೆ ಡಿಫರೆನ್ಶಿಯಲ್ ಇಲ್ಲದ ಫೋರ್ ವೀಲ್ ಗಾಡಿಯನ್ನು ಒಣ ಡಾಂಬರಿನ ಮೇಲೆ ಫೋರ್ ಹೈನಲ್ಲೇ ಓಡಿಸಿದರೆ ತಿರುವಿನಲ್ಲಿ ಎಳೆದಾಡಿ ಜಗ್ಗುತ್ತದೆ, ಏಕೆಂದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು, ಗಾಡಿ ಬಿಡುವುದಿಲ್ಲ. ಕೆಸರು ದಾಟಿದ ಮೇಲೆ ಲಿವರ್ ಹಿಂದಕ್ಕೆ ಹಾಕಿದರೆ ಮುಗಿಯಿತು. ಗುಂಡಿಗೆ ಬಿದ್ದ ಕೂಡಲೇ ಸ್ಟೇರಿಂಗ್ ಹುಚ್ಚು ಹಿಡಿದಂತೆ ಬಡಿದುಕೊಂಡರೆ ಮಾತ್ರ ಅದು ನಿಜವಾದ ರೋಗ, ಆದರೆ ಶಾಫ್ಟಿನದಲ್ಲ. ಕಿಂಗ್ ಪಿನ್, ಟೈ ರಾಡ್ ಕಡೆ ನೋಡಬೇಕು. ಮೂರನ್ನೂ ನಾವು "ವೈಬ್ರೇಶನ್" ಎಂಬ ಒಂದೇ ಮಾತಿನಲ್ಲಿ ಹೇಳಿದರೆ ಗ್ಯಾರೇಜಿನ ಹುಡುಗ ಪಾಪ ಏನು ಮಾಡಿಯಾನು?

ಮತ್ತೆ ಸಾಗರದ ಗ್ಯಾರೇಜಿಗೆ ಬರೋಣ. ಗೇರು ಬದಲಿಸಿದರೂ ನಡುಕ ಅಷ್ಟೇ, ನ್ಯೂಟ್ರಲ್ ಮಾಡಿದರೂ ಅಷ್ಟೇ, ಸ್ಟೇರಿಂಗ್ ಶಾಂತ. ಶುರುವಾದದ್ದು ಹಿಂದಿನ ಶಾಫ್ಟ್ ಬಿಚ್ಚಿದ ಮಾರನೇ ದಿನ. ಖಾಲಿಯಿದ್ದಾಗ ಹೆಚ್ಚು. ಇಷ್ಟು ಕೈಗೆ ಬಂದ ಮೇಲೆ ಮೆಕ್ಯಾನಿಕ್ ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿಸಿ, ಸೀಮೆಎಣ್ಣೆ ಬಟ್ಟೆ ಹಿಡಿದು ಅಡಿಗೆ ಹೋದರು. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ, ಎತ್ತಿ ನೋಡಿದರು. ಕ್ರಾಸ್ ಗಟ್ಟಿಯಿತ್ತು. ಆಮೇಲೆ ಶಾಫ್ಟಿನ ನಡುವಿನ ಸ್ಲಿಪ್ ಜಾಯಿಂಟಿನ ಮೇಲೆ ಕಟ್ಟಿಕೊಂಡಿದ್ದ ಗ್ರೀಸು, ಮಣ್ಣು ಒರೆಸಿದರು. ಅಲ್ಲಿ ಎರಡು ಬಾಣದ ಗುರುತು ಕಂಡವು. ಎದುರುಬದುರು ಇರಬೇಕಾದವು ಒಂದು ಹಲ್ಲಿನಷ್ಟು ಪಕ್ಕಕ್ಕೆ ಸರಿದಿದ್ದವು. ದೀಪಾವಳಿಯಲ್ಲಿ ಕ್ರಾಸ್ ಹಾಕುವಾಗ ಸ್ಲಿಪ್ ಜಾಯಿಂಟ್ ಕಳಚಿದೆ, ಮತ್ತೆ ಸೇರಿಸುವಾಗ ಗುರುತು ನೋಡದೆ ಸೇರಿಸಿದ್ದಾರೆ. ಅಷ್ಟೇ ಕತೆ.

ಒಂದು ಹಲ್ಲು ತಪ್ಪಿದರೆ ಇಷ್ಟೆಲ್ಲ ಆಗುತ್ತದಾ? ಆಗುತ್ತದೆ. ಕ್ರಾಸ್ ಇರುವ ಈ ಯೂನಿವರ್ಸಲ್ ಜಾಯಿಂಟ್ ಬಹಳ ಹಳೆಯದು. 16ನೇ ಶತಮಾನದ ಇಟಲಿಯ ಗಣಿತಜ್ಞ ಜೆರೊಲಾಮೊ ಕಾರ್ಡಾನೊ ಹೆಸರಿನಲ್ಲಿ ಇದಕ್ಕೆ ಕಾರ್ಡನ್ ಜಾಯಿಂಟ್ ಎನ್ನುತ್ತಾರೆ. 17ನೇ ಶತಮಾನದಲ್ಲಿ ಇದನ್ನು ಅಭ್ಯಾಸ ಮಾಡಿದ ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರಿನಲ್ಲಿ ಹುಕ್ಸ್ ಜಾಯಿಂಟ್ ಎಂದೂ ಕರೆಯುತ್ತಾರೆ. ಇದರ ಒಂದು ಗುಣವೆಂದರೆ, ನೇರ ಸಾಲಿನಲ್ಲಿಲ್ಲದೆ ಕೋನದಲ್ಲಿ ತಿರುಗುವಾಗ ಆಚೆಯ ಶಾಫ್ಟ್ ಒಂದೇ ಸಮ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಆಚೀಚೆ ಶೇಕಡಾ 1.5ರಷ್ಟು. 20 ಡಿಗ್ರಿ ಆದರೆ ಶೇಕಡಾ 6ರಷ್ಟು. ಕೋನ ಎರಡು ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು.

ಹಾಗಾದರೆ ಎಲ್ಲ ಜೀಪೂ ನಡುಗಬೇಕಲ್ಲ? ನಡುಗುವುದಿಲ್ಲ, ಏಕೆಂದರೆ ಇನ್ನೊಂದು ತುದಿಯಲ್ಲಿ ಇನ್ನೊಂದು ಕ್ರಾಸ್ ಇದೆ. ಮೊದಲನೆಯದು ಏರಿಸಿದ್ದನ್ನು ಎರಡನೆಯದು ಇಳಿಸುತ್ತದೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನಮ್ಮ ಅಜ್ಜಿಯರ ಕಾಲದವರು ನೋಡಿರುತ್ತಾರೆ. ಒಬ್ಬರದು ಏಳುವಾಗ ಇನ್ನೊಬ್ಬರದು ಬೀಳಬೇಕು. ಲಯ ಚೂರು ತಪ್ಪಿದರೂ ಒನಕೆಗೆ ಒನಕೆ ಬಡಿಯುತ್ತದೆ. ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ಸಾಲಿನಲ್ಲಿರಬೇಕು, ಎರಡೂ ಕಡೆಯ ಕೋನ ಸಮವಿರಬೇಕು ಎಂಬುದು ಆ ಲಯ. ಬಾಣದ ಗುರುತು ಇರುವುದು ಅದಕ್ಕೇ.

ಅತ್ತೆಯ ಸುಳಿವಿನ ಅರ್ಥವೂ ಇಲ್ಲೇ ಇದೆ. ಮೂಟೆ ಹೊರಲು ಅನುಕೂಲವೆಂದು ಕೆಲವು ವರ್ಷದ ಹಿಂದೆ ಮಾವ ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚು ಹಾಕಿಸಿದ್ದರು. ಅದರಿಂದ ಖಾಲಿ ಜೀಪಿನ ಹಿಂಭಾಗ ಎತ್ತರಕ್ಕೆ ನಿಂತು ಶಾಫ್ಟಿನ ಕೋನ ಹೆಚ್ಚಾಯಿತು. ಹತ್ತು ಜನ ಕೂತರೆ ಸ್ಪ್ರಿಂಗ್ ಕುಗ್ಗಿ ಕೋನ ಕಡಿಮೆಯಾಗುತ್ತದೆ, ನಡುಕವೂ ಕಡಿಮೆ. ಯೋಕು ಸಾಲಿನಲ್ಲಿದ್ದಷ್ಟು ದಿನ ಆ ಹೆಚ್ಚಿನ ಕೋನವನ್ನು ಗಾಡಿ ಹೇಗೋ ಸಹಿಸಿಕೊಂಡಿತ್ತು. ಲಯ ತಪ್ಪಿದ ದಿನದಿಂದ ಸಹಿಸಲಿಲ್ಲ. ಟೈರಿನ ದೋಷವಾಗಿದ್ದರೆ ಹತ್ತು ಜನ ಕೂತ ಮಾತ್ರಕ್ಕೆ ಹೀಗೆ ತಗ್ಗುತ್ತಿರಲಿಲ್ಲ. ಒಂದು ಸಾಲಿನ ಆ ಮಾತನ್ನು ಜನವರಿಯಲ್ಲಿ ಯಾರಾದರೂ ಕೇಳಿಸಿಕೊಂಡಿದ್ದರೆ ಮೌಂಟಿಂಗೂ ಉಳಿಯುತ್ತಿತ್ತು, ಕ್ಲಚ್ಚೂ ಉಳಿಯುತ್ತಿತ್ತು.

ನಾಲ್ಕು ಬೋಲ್ಟು ಬಿಚ್ಚಿ, ಸ್ಲಿಪ್ ಜಾಯಿಂಟ್ ಎಳೆದು, ಒಂದು ಹಲ್ಲು ತಿರುಗಿಸಿ, ಬಾಣಕ್ಕೆ ಬಾಣ ಕೂಡಿಸಿ, ಗ್ರೀಸು ಹೊಡೆದು ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಿಡಿಭಾಗದ ಖರ್ಚು ಸೊನ್ನೆ. ವಾಪಸು ಬರುವಾಗ ಖಾಲಿ ಜೀಪು 60ರಲ್ಲಿ ಸುಮ್ಮನೆ ಓಡಿತು. ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಆದರೆ ನಮ್ಮನ್ನು ಹೆದರಿಸಿದ್ದು ಬೇರೆ. ಆ ಬಿಚ್ಚಿದ ನಾಲ್ಕು ಬೋಲ್ಟಿನಲ್ಲಿ ಎರಡು ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದವು. ಆರು ತಿಂಗಳ ನಡುಕ ಅವನ್ನು ಸಡಿಲಿಸಿತ್ತು. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲೂ ಒಸರಲು ಶುರುವಾಗಿತ್ತು. ಓಡುವಾಗ ಶಾಫ್ಟಿನ ಹಿಂದಿನ ತುದಿ ಕಳಚಿದರೆ ನೆಲಕ್ಕೆ ಬಡಿದುಕೊಂಡು ಎಳೆದು ಹೋಗುತ್ತದೆ. ಮುಂದಿನ ತುದಿ ಕಳಚಿದರೆ ಅದು ರಸ್ತೆಗೆ ಊರಿಕೊಂಡು ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು. ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನಲ್ಲಿದ್ದರೆ ಅದೂ ಆ ಕ್ಷಣವೇ ಹೋಯಿತು. ಜೂನ್ ಮೊದಲ ವಾರ ಶಾಲೆ ಶುರುವಾಗಿ, ಮಳೆ ಹಿಡಿದು, ಇಳಿಜಾರಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವಾಗ ಹಾಗಾಗಿದ್ದರೆ ನಾವು ಇದೇ ಊರಿನ ಸುದ್ದಿಯನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. "ಚಾಲಕನ ನಿಯಂತ್ರಣ ತಪ್ಪಿ" ಎಂದು ಶುರುವಾಗುತ್ತಿತ್ತು ಆ ಸುದ್ದಿ. ನಾವು ಎಷ್ಟು ಸಲ ಆ ಮೂರು ಪದ ಬರೆದಿಲ್ಲ! ನಿಯಂತ್ರಣ ಯಾಕೆ ತಪ್ಪಿತು ಎಂದು ಎಷ್ಟು ಸಲ ಕೇಳಿದ್ದೇವೆ?

ಹಾಗಾದರೆ ತಪ್ಪು ಯಾರದ್ದು? ಗ್ಯಾರೇಜಿನವರೆಲ್ಲ ಕಳ್ಳರು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ. ಗುರುತು ನೋಡದೆ ಶಾಫ್ಟ್ ಸೇರಿಸಿದ್ದು ತಪ್ಪೇ. ಆದರೆ ಆ ಗ್ಯಾರೇಜಿನ ಮುಂದೆ ಅರ್ಧ ದಿನ ನಿಂತು ನೋಡಿ. ಬಂದವರೆಲ್ಲ "ಸಂಜೆಯೊಳಗೆ ಬೇಕು" ಎನ್ನುವವರೇ. ನೋಡಲು ಒಂದು ಗಂಟೆ ಬೇಕು ಎಂದರೆ ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ. ನೋಡಿದ್ದಕ್ಕೆ ಇನ್ನೂರು ಕೊಡಿ ಎಂದರೆ "ಏನು ಮಾಡಿದ್ದಿ ಅಂತ?" ಎನ್ನುತ್ತಾರೆ. ಅಲ್ಲಿ ಕೂಲಿ ಸಿಗುವುದು ಬಿಚ್ಚಿ ಹಾಕಿದ್ದಕ್ಕೆ, ಬಿಡಿಭಾಗದ ಮೇಲೆ ಉಳಿಯುವ ಅಷ್ಟಿಷ್ಟು ಕಾಸಿಗೆ. ಯೋಚಿಸಿದ್ದಕ್ಕೆ ಅಲ್ಲ. ಹೀಗಿರುವಾಗ ಅವನು ಯೋಚಿಸುವುದನ್ನು ಬಿಟ್ಟು ಬಿಚ್ಚುವುದನ್ನು ಕಲಿತರೆ ಅದರಲ್ಲಿ ನಮ್ಮ ಪಾಲೂ ಇದೆ.

ನಮ್ಮ ತಾಲೂಕುಗಳ ಹುಡುಗರು ಐಟಿಐಗೆ ಸೇರಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸ್ ಮಾಡುತ್ತಾರೆ. ಬಿಚ್ಚಿ ಜೋಡಿಸುವುದು ಚೆನ್ನಾಗಿ ಬರುತ್ತದೆ. ಗಿರಾಕಿಯನ್ನು ಕೂರಿಸಿಕೊಂಡು ಹತ್ತು ಪ್ರಶ್ನೆ ಕೇಳುವುದನ್ನೂ ಅಷ್ಟೇ ಗಂಭೀರವಾಗಿ ಕಲಿಸಬೇಕು, ಪರೀಕ್ಷೆಯಲ್ಲಿ ಅದಕ್ಕೂ ಅಂಕ ಇರಬೇಕು. ಬೇಕೆಂದೇ ದೋಷವಿಟ್ಟ ಗಾಡಿಯೊಂದನ್ನು ಕೊಟ್ಟು, ಒಂದೂ ಬೋಲ್ಟು ಬಿಚ್ಚದೆ ಕಾರಣ ಹೇಳು ಎಂದು ಕೇಳಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಗಾಡಿ ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದರೂ ಅರ್ಧ ಕೆಲಸ ಆಗುತ್ತದೆ.

ಗಾಡಿ ಇಟ್ಟವರ ಪಾಲಿನ ಕೆಲಸವೂ ಇದೆ. ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ದಿನದಿಂದ, ಅದಕ್ಕೂ ಮೊದಲು ಏನು ರಿಪೇರಿ, ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಏರಿನಲ್ಲೋ ಇಳಿಜಾರಿನಲ್ಲೋ, ಖಾಲಿಯೋ ಲೋಡೋ, ಸ್ಟೇರಿಂಗಿನಲ್ಲೋ ಸೀಟಿನಲ್ಲೋ. ಹಿಂದೆ ಕೂತವರನ್ನೂ ಕೇಳಿ ಬರೆಯಿರಿ. ಶಾಫ್ಟ್ ಬಿಚ್ಚುವಾಗ ಪಕ್ಕದಲ್ಲಿ ನಿಂತು, ಬಿಚ್ಚುವ ಮುಂಚೆ ಫ್ಲಾಂಜಿಗೂ ಸ್ಲಿಪ್ ಜಾಯಿಂಟಿಗೂ ಸುಣ್ಣದಲ್ಲೋ ಬಣ್ಣದಲ್ಲೋ ಒಂದು ಗೆರೆ ಎಳೆಸಿ. ಹೊಳೆ ದಾಟಿದ ಮೇಲೆ ಗ್ರೀಸ್ ನಿಪ್ಪಲ್ ಇರುವ ಕ್ರಾಸಿಗೆ ಗ್ರೀಸು ಹೊಡೆಯಿರಿ, ನಾಲ್ಕೂ ಕಪ್ಪಿನಿಂದ ಹಳೆಯ ಗ್ರೀಸು ಹೊರಬರುವಷ್ಟು. ಕಪ್ಪಿನ ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ರೋಲರುಗಳು ಒಣಗಿ ತುಕ್ಕು ಹಿಡಿದಿವೆ ಎಂದರ್ಥ, ಕಾಯಬೇಡಿ. ಮುಂದಕ್ಕೂ ಹಿಂದಕ್ಕೂ ಹಾಕುವಾಗ ಟಕ್ ಎಂದರೂ ಕಾಯಬೇಡಿ.

ಎಲ್ಲ ನಡುಕವೂ ಹೀಗೆ ಪುಕ್ಕಟೆ ಗುಣವಾಗುವುದಿಲ್ಲ ಎಂಬುದು ನಮಗೆ ಗೊತ್ತು. ಕಲ್ಲಿಗೆ ಬಡಿದು ಶಾಫ್ಟ್ ಬಾಗಿದರೆ, ಅದರ ಮೇಲೆ ಬೆಸೆದ ಬ್ಯಾಲೆನ್ಸ್ ತುಂಡು ಉದುರಿದರೆ, ಪಿನಿಯನ್ ಬೇರಿಂಗ್ ಸವೆದರೆ ಖರ್ಚು ಮಾಡಲೇಬೇಕು. ನಮ್ಮ ಮಾತು ಖರ್ಚು ಬೇಡ ಎಂದಲ್ಲ. ಕಾರಣ ಗೊತ್ತಾದ ಮೇಲೆ ಖರ್ಚು ಮಾಡೋಣ ಎಂದು. ಹತ್ತು ಊಹೆಗೆ 36,000 ಕೊಡುವುದಕ್ಕಿಂತ ಒಂದು ಪತ್ತೆಗೆ ಐನೂರು ಕೊಡುವುದು ಬಡವರಿಗೆ ಹೆಚ್ಚು ಲಾಭ.

ಮಾವ ಕೊನೆಗೆ ಐನೂರು ಕೊಟ್ಟರು. ಗೊಣಗುತ್ತಲೇ ಕೊಟ್ಟರು. ಮೆಕ್ಯಾನಿಕ್ ಅದರಲ್ಲಿ ನೂರು ರೂಪಾಯಿ ತೆಗೆದು ಅತ್ತೆಯ ಕೈಗಿಟ್ಟು, "ಇದು ನಿಮ್ದಕ್ಕ, ಅರ್ಧ ಕೆಲಸ ನೀವೇ ಮಾಡಿದ್ರಿ" ಎಂದರು. ಅತ್ತೆ ಬೇಡ ಬೇಡ ಎಂದು ನಕ್ಕರೂ ಆ ನೋಟನ್ನು ಮಡಿಚಿ ಸಂಘದ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡದ್ದನ್ನು ನಾವು ನೋಡಿದೆವು.

ಮುಂದಿನ ಸಲ ಗ್ಯಾರೇಜಿನಲ್ಲಿ ಯಾರಾದರೂ "ಇದನ್ನು ಬದಲಾಯಿಸಬೇಕು" ಎಂದಾಗ "ಎಷ್ಟಾಗ್ತದೆ?" ಎಂದು ಕೇಳುವ ಮೊದಲು "ಅದೇ ಕಾರಣ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿ. ಸರಿಯಾದ ಉತ್ತರ ಕೊಟ್ಟವರಿಗೆ ಚೌಕಾಸಿ ಮಾಡದೆ ದುಡ್ಡು ಕೊಡಿ.